ಹೊಸ ಹಲಗೆಯ ಹಟ

ಜೂನ್ ೧೪

ಪ್ರೀತಿಯ ಸೊನ್ನೆ,

“ಒರೆಸಿದ ಕೈಗೆ ಗೊತ್ತು ಬರೆದದ್ದರ ಭಾರ.” ಎರಡು ದಿನದಿಂದ ಈ ಸಾಲು ತಲೆಯೊಳಗೆ ಬಂದು ಕೂತಿದೆ. ಇದರ ಹಿಂದೆಯೋ ಮುಂದೆಯೋ ಇನ್ನೊಂದು ಸಾಲಿತ್ತು, ಅದು ಸಿಗುತ್ತಿಲ್ಲ. ಬರೆದವರು ಯಾರೆಂದೂ ನೆನಪಿಲ್ಲ. ಎಂ.ಎಸ್ಸಿ. ಓದುವಾಗ ಹಾಸ್ಟೆಲಿನ ಗೋಡೆಪತ್ರಿಕೆಯಲ್ಲಿ ಕಂಡಿದ್ದಿರಬೇಕು. ಆಗ ಅದನ್ನು ಓದಲೆಂದೇ ಮತ್ತೆ ಮತ್ತೆ ಆ ಗೋಡೆಯ ಮುಂದೆ ಹೋಗಿ ನಿಂತಿದ್ದೆ. ಈಗ ಅದೇ ಸಾಲನ್ನು ನಿಲ್ಲಿಸಿಕೊಂಡು ಕೇಳಬೇಕೆನಿಸುತ್ತದೆ: ಯಾವ ಕೈ, ತಾಯಿ? ಎಂಥ ಭಾರ? ನನ್ನ ತರಗತಿಯಲ್ಲಿ ಈಗ ಒರೆಸುವುದಕ್ಕೆ ಕೈಯೇ ಬೇಡ. ಬರೆದದ್ದು ತನ್ನಷ್ಟಕ್ಕೆ ಮಾಯವಾಗುತ್ತದೆ.

ನಿಮ್ಮ ಕಂಪನಿಯ ಸ್ಮಾರ್ಟ್ ಬೋರ್ಡು ನಮ್ಮ ಶಾಲೆಗೆ ಬಂತು. ಸದ್ಯಕ್ಕೆ ಹತ್ತನೇ ತರಗತಿಗೆ ಮಾತ್ರ. ಎಂಟು, ಒಂಬತ್ತರವರಿಗೆ ಇನ್ನೂ ಕಪ್ಪುಹಲಗೆ, ಚಾಕ್‌ಪೀಸು. ಹತ್ತರ ಹಳೇ ಹಲಗೆಯನ್ನು ಕಿತ್ತು ಉಗ್ರಾಣಕ್ಕೆ ಹೊತ್ತೊಯ್ದರು. ನನ್ನ ಮೇಜನ್ನೂ ಒಯ್ದರು, ಅದು ಅಡ್ಡ ಬರುತ್ತದಂತೆ. ಈಗ ಗೋಡೆ ತುಂಬ ಒಂದು ಹೊಳೆಯುವ ಗಾಜು, ಅದರ ಮುಂದೆ ನಾನು. ಗಾಜಿನಲ್ಲಿ ನನ್ನ ಮುಖ ಕಾಣುತ್ತದೆ. ಅದು ಅಳಿಸದೆ ಉಳಿಸಿಕೊಂಡಿರುವುದು ಅದೊಂದನ್ನೇ.

ಇವತ್ತು ವರ್ಗಸಮೀಕರಣ. ಹೆಜ್ಜೆ ಹೆಜ್ಜೆಯಾಗಿ ಬರೆದು ಮಕ್ಕಳ ಕಡೆ ತಿರುಗಿದೆ. “ಮಿಸ್, ಹೋಯ್ತು!” ಎಂದು ಕೂಗಿದವು. ನೋಡಿದರೆ ನಡುವಿನ ಹೆಜ್ಜೆಗಳೇ ಇಲ್ಲ, ಇಲಿ ಕಡಿದ ಹಾಗೆ. ಮತ್ತೆ ಬರೆದೆ, ಮತ್ತೆ ಹೋಯಿತು. ಎಲ್ಲದಕ್ಕೂ ‘ಯಾಕೆ’ ಎನ್ನುವ ಹುಡುಗಿಯೊಬ್ಬಳಿದ್ದಾಳೆಂದು ಹೋದ ವರ್ಷವೇ ಬರೆದಿದ್ದೆನಲ್ಲ, ತರಗತಿಯೆಲ್ಲ ಯಾಕಮ್ಮ ಎಂದು ಕರೆಯುವವಳು? ಅವಳು ಎದ್ದು, “ಯಾಕೆ ಮಿಸ್ ಹೋಯ್ತು?” ಎಂದಳು. ಎಂಟನೇ ತರಗತಿಯಿಂದ ಅವಳ ಒಂದು ಯಾಕೆಯನ್ನೂ ನಾನು ಬಾಕಿ ಉಳಿಸಿರಲಿಲ್ಲ. ಇವತ್ತು “ಸುಮ್ನೆ ಕೂತ್ಕೊ” ಎಂದುಬಿಟ್ಟೆ.

ದೊಡ್ಡ ಮೇಡಂ ಕರೆಸಿದರು. “ನೋಡಿ, ಆಗಸ್ಟ್ ಕೊನೆಗೆ ಕಂಪನಿಯವರು ಬಂದು ಪಾಠ ನೋಡ್ತಾರೆ. ಬೋರ್ಡು ನಿಮ್ಮ ಕೈಗೆ ಹತ್ತಲಿಲ್ಲ ಅಂದ್ರೆ ಹತ್ತನೇ ಕ್ಲಾಸಿನ ಲೆಕ್ಕಾನೂ ವಿಜ್ಞಾನದ ಹೊಸ ಮೇಷ್ಟ್ರಿಗೆ. ನಿಮಗೆ ಉಗ್ರಾಣದ ಜವಾಬ್ದಾರಿ ಕೊಡ್ತೀನಿ, ಆರಾಮಾಗಿರಿ” ಎಂದರು. ಆರಾಮಂತೆ! ಈ ಮಕ್ಕಳನ್ನು ಎರಡು ವರ್ಷ ಮೆಟ್ಟಿಲು ಹತ್ತಿಸಿ ಬಾಗಿಲ ಹತ್ತಿರ ತಂದವಳು ನಾನು. ಬಾಗಿಲು ತೆರೆಯುವುದು ಇನ್ಯಾರೋ.

ಫೋನು ಮಾಡಬಹುದಿತ್ತು. ಮಾಡಿದರೆ “ಅತ್ತಿಗೆ, ಮೀಟಿಂಗಲ್ಲಿದ್ದೀನಿ” ಅನ್ನುತ್ತೀಯ. ಪತ್ರಕ್ಕೆ ಆ ನೆಪ ಹೇಳಲಾರೆ. ಬೋರ್ಡಿಗೇನಾಗಿದೆ ಎಂದು ವಿಚಾರಿಸಿ ಬರೆ.

ನಿನ್ನ ಅತ್ತಿಗೆ


ಜೂನ್ ೨೬

ಪ್ರೀತಿಯ ಅತ್ತಿಗೆಗೆ ಸೊನ್ನೆಯ ನಮಸ್ಕಾರ.

ಮೂವತ್ತೆಂಟು ವರ್ಷದವಳನ್ನು ಇನ್ನೂ ಸೊನ್ನೆ ಅಂತ ಕರೆಯೋದು ಪ್ರಪಂಚದಲ್ಲಿ ನೀವೊಬ್ಬರೇ. ಒಂಬತ್ತನೇ ಕ್ಲಾಸಲ್ಲಿ ಒಂದೇ ಒಂದು ಸಲ ಲೆಕ್ಕದಲ್ಲಿ ಸೊನ್ನೆ ತಗೊಂಡಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆ! ಲಕೋಟೆ ಮೇಲೂ ಹಾಗೇ ಬರೆದಿದ್ದೀರಿ. ಆಫೀಸಿನ ಕಾವಲುಗಾರ ನಗುತ್ತಾ ತಂದುಕೊಟ್ಟ.

ಬೋರ್ಡಿನ ವಿಷಯ. ನೂರಾರು ಶಾಲೆಯಲ್ಲಿ ನಡೆಯುತ್ತಿದೆ, ಈ ದೂರು ಎಲ್ಲೂ ಇಲ್ಲ. ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ. ಗಾಜಿನ ಮೇಲೆ ದೂಳು ಇರಬಾರದು. ಒದ್ದೆ ಬಟ್ಟೆ ಬೇಡವೇ ಬೇಡ. ಬರೆಯುವಾಗ ಅದರ ಪೆನ್ನನ್ನೇ ಬಳಸಿ, ಉಗುರು ಬೇಡ. ಆದರೂ ಸರಿಹೋಗದಿದ್ದರೆ ನಮ್ಮ ರಿಪೇರಿಯವರು ಬರುತ್ತಾರೆ, ನಾನು ಹೇಳಿದ್ದೇನೆ.

ಒಂದು ಕೇಳಲಾ? ಬೇಜಾರು ಮಾಡಿಕೊಳ್ಳಬೇಡಿ. ಟ್ರೇನಿಂಗ್ ದಿನ ನೀವು ಮಧ್ಯಾಹ್ನದ ಮೇಲೆ ಇರಲಿಲ್ಲ ಅಂತ ಇಲ್ಲಿ ದಾಖಲೆ ಇದೆ. ಮುಖ್ಯವಾದದ್ದೆಲ್ಲ ಹೇಳಿದ್ದು ಮಧ್ಯಾಹ್ನವೇ. ನೀವು ಎದ್ದು ಹೋದದ್ದು ಯಾಕೆ? ಹೊಸದು ಅಂದ್ರೆ ನಿಮಗೆ ಮೊದಲಿಂದಲೂ ಮುಖ ಸಿಂಡರಿಸೋ ಅಭ್ಯಾಸ. ಮಿಕ್ಸಿ ತಂದಾಗಲೂ ಹೀಗೇ ಆಡಿದ್ದಿರಿ.

ಅಣ್ಣನ ಪದಬಂಧ ಹೇಗೆ ನಡೆದಿದೆ?

ನಿಮ್ಮ ಸೊನ್ನೆ


ಜುಲೈ ೫

ಪ್ರೀತಿಯ ಸೊನ್ನೆ,

ಆಫ್ ಮಾಡಿದೆ, ಆನ್ ಮಾಡಿದೆ. ಇಷ್ಟು ಹೇಳುವುದಕ್ಕೆ ನಿನ್ನನ್ನು ಇಂಜಿನಿಯರಿಂಗ್ ಓದಿಸಬೇಕಿತ್ತೆ?

ನಿಮ್ಮ ರಿಪೇರಿಯವನು ಬಂದ. ಬಲಗೈಯಲ್ಲಿ ಪೆನ್ನು, ಎಡಗೈ ಪ್ಯಾಂಟಿನ ಜೇಬಲ್ಲಿ. ಹೂವು ಬರೆದ, ತನ್ನ ಹೆಸರು ಬರೆದ, ಒಂದು ಆನೆಯನ್ನೂ ಬರೆದ. ಒಂದೂ ಅಳಿಸಲಿಲ್ಲ. ಆನೆಯ ಬಾಲ ಕೂಡ ಅಲುಗಲಿಲ್ಲ. “ಏನೂ ಪ್ರಾಬ್ಲಂ ಇಲ್ಲ ಮೇಡಂ, ಬೋರ್ಡು ಗಟ್ಟಿಯಾಗಿದೆ” ಎಂದು ನನ್ನನ್ನು ಅನುಮಾನದಿಂದ ನೋಡಿದ. ಅವನು ಗೇಟು ದಾಟಿರಲಿಲ್ಲ, ನನ್ನ ಮೂರನೇ ಹೆಜ್ಜೆ ಮಾಯ. ಮಕ್ಕಳು ಬಿದ್ದು ಬಿದ್ದು ನಕ್ಕವು. “ಮಿಸ್‌ನ ಕಂಡ್ರೆ ಬೋರ್ಡಿಗೆ ಭಯ” ಎಂದ ಹಿಂದಿನ ಬೆಂಚಿನವನೊಬ್ಬ. ಈಗ ಪ್ರತಿ ಪಾಠಕ್ಕೂ ಮುಂಚೆ ಪಂದ್ಯ ಕಟ್ಟುತ್ತಾರಂತೆ, ಇವತ್ತು ಯಾವ ಹೆಜ್ಜೆ ಹೋಗುತ್ತದೆ ಎಂದು. ಯಾಕಮ್ಮ ಮಾತ್ರ ನಗುವುದಿಲ್ಲ. ನಾನು ಬರೆದ ಕೂಡಲೇ ಉಸಿರು ಕಟ್ಟಿಕೊಂಡು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾಳೆ, ರೈಲು ತಪ್ಪುವವಳ ಹಾಗೆ. ಯಾಕೆ ಎಂದು ಕೇಳಲು ಅವಳಿಗೀಗ ಬಿಡುವಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಟ್ರೇನಿಂಗ್ ದಿನ ಮಧ್ಯಾಹ್ನ ನನಗೆ ಬೇರೆ ಕೆಲಸವಿತ್ತು. ಅಷ್ಟೆ. ಮಿಕ್ಸಿಯ ವಿಷಯ ಎತ್ತಬೇಡ. ಅದು ಮೊದಲ ವಾರವೇ ಹೊಗೆಯಾಡಿದ್ದು ನಿನಗೂ ಗೊತ್ತು.

ಇಲ್ಲಿ ಮನೆಯಲ್ಲೂ ನೆಮ್ಮದಿಯಿಲ್ಲ. ಕೆಳಗಿನ ಮನೆಯ ಬಣ್ಣದಮ್ಮ ಮೆಟ್ಟಿಲ ಪಕ್ಕದ ಗೋಡೆಗೆ ಹೊಸದಾಗಿ ನೀಲಿ ಬಳಿಸಿದ್ದಾಳೆ. ಆ ನೀಲಿಯ ಮೇಲೆ ಸಂಜೆ ಹೊತ್ತಿಗೆ ಬೆಳ್ಳಗೆ ಕೈಗುರುತು ಬೀಳುತ್ತದಂತೆ. ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ, “ಯಾವ ಮನೆಹಾಳರ ಕೈಯೋ, ಗೋಡೆ ಇವರ ಅಪ್ಪಂದಾ!” ಎಂದು ಮೇಲೆ ಕೇಳುವಂತೆ ಕೂಗುತ್ತಾಳೆ. ಮೂರನೇ ಮಹಡಿಯ ಮಕ್ಕಳ ಮೇಲೆ ಅವಳಿಗೆ ಗುಮಾನಿ. ನಾನು ಕಿಟಕಿ ಮುಚ್ಚಿಕೊಂಡು ಕೂರುತ್ತೇನೆ.

ನಿಮ್ಮಣ್ಣ ಐದಕ್ಷರದ ಒಂದು ಪದಕ್ಕಾಗಿ ನಿನ್ನೆಯಿಂದ ಮೌನವ್ರತದಲ್ಲಿದ್ದಾರೆ.

ಅತ್ತಿಗೆ


ಜುಲೈ ೧೬

ಅತ್ತಿಗೆ,

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ನೇರವಾಗಿಯೇ ಬರೆಯುತ್ತೇನೆ.

ಬೋರ್ಡಿನ ಮೇಲೆ ಏನೇನು ನಡೆಯುತ್ತೆ ಅನ್ನೋದು ಇಲ್ಲಿ ನಮ್ಮ ಕಂಪ್ಯೂಟರಿಗೆ ಬರುತ್ತೆ. ನಿಮ್ಮ ತರಗತಿಯದನ್ನು ತೆಗೆದು ನೋಡಿದೆ. ಬರೆದದ್ದು ತಾನಾಗಿ ಹೋಗುತ್ತಿಲ್ಲ. ಒರೆಸುತ್ತಿರುವವರು ನೀವು. ಆ ಬೋರ್ಡಿಗೆ ಡಸ್ಟರ್ ಬೇಡ, ಅಂಗೈ ಇಟ್ಟರೆ ಸಾಕು, ಕೆಳಗಿದ್ದದ್ದು ಅಳಿಸುತ್ತೆ. ಹೊಸ ಮೇಷ್ಟ್ರ ಪಾಠದಲ್ಲಿ ಅಂಗೈ ಬೀಳೋದು ಕೊನೆಗೆ, ಎಲ್ಲ ಮುಗಿದ ಮೇಲೆ. ನಿಮ್ಮ ಪಾಠದಲ್ಲಿ ನಡುನಡುವೆ, ಬೇಕೆಂದೇ ಮಾಡಿದ ಹಾಗೆ.

ನಿಮಗೆ ಬೋರ್ಡು ಬೇಡ, ಸರಿ. ದೊಡ್ಡ ಮೇಡಂ ಮುಖಕ್ಕೆ ಹೇಳಿ. ಅದು ಬಿಟ್ಟು ಮಕ್ಕಳ ಮುಂದೆ ನೀವೇ ಅಳಿಸಿ, ಬೋರ್ಡು ಕೆಟ್ಟಿದೆ ಅಂತ ನನಗೆ ಕಾಗದ ಬರೆಯೋದು ಏನು ನ್ಯಾಯ? ನಾನು ಇಲ್ಲಿ ನಿಮ್ಮ ಪರವಾಗಿ ರಿಪೇರಿಯವರ ಹತ್ತಿರ ಜಗಳ ಆಡಿದ್ದೇನೆ.

ಇನ್ನೊಂದು ಮಾತು, ಹೇಳಬಾರದು ಅಂತಿದ್ದೆ. ಅಂಗೈಯಿಂದ ಒರೆಸೋ ಆಲೋಚನೆ ನನ್ನದು. ನೀವು ಮದುವೆಯಾಗಿ ಬಂದ ಹೊಸತು, ಅಡುಗೆಮನೆ ಬಾಗಿಲ ಮೇಲೆ ಚಾಕ್‌ಪೀಸಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಿರಿ. ನಾನು ತಪ್ಪಿದರೆ ಬೈಯದೆ ಅಂಗೈಯಿಂದ ಸರ್‍ರಂತ ಒರೆಸಿ, “ಹೋಯ್ತು ನೋಡು, ಮತ್ತೆ ಮಾಡು” ಅನ್ನುತ್ತಿದ್ದಿರಿ. ಮೀಟಿಂಗಲ್ಲಿ ನಾನು ಅದನ್ನೇ ಹೇಳಿದೆ, ಎಲ್ಲರೂ ಒಪ್ಪಿದರು. ನಿಮ್ಮ ಊರಲ್ಲಿ ಮೊದಲು ನಿಮ್ಮ ಶಾಲೆಗೇ ಕಳಿಸಿ ಅಂತ ಹೇಳಿದ್ದೂ ನಾನೇ. ನೀವು ಖುಷಿಪಡುತ್ತೀರಿ ಅಂದುಕೊಂಡಿದ್ದೆ.

ಸೊನ್ನೆ


ಜುಲೈ ೨೩

ಮಾನ್ಯರೇ,

ತಮ್ಮ ಪತ್ರ ತಲುಪಿತು. ತಮ್ಮ ಯಂತ್ರದಲ್ಲಿ ಯಾವ ದೋಷವೂ ಇಲ್ಲವೆಂದು ತಿಳಿದು ಸಂತೋಷವಾಯಿತು. ದೋಷ ಎಲ್ಲಿದೆಯೆಂಬುದನ್ನೂ ತಾವು ಅಷ್ಟು ದೂರದಿಂದಲೇ ಪತ್ತೆಹಚ್ಚಿರುವುದಕ್ಕೆ ಕೃತಜ್ಞಳಾಗಿದ್ದೇನೆ.

ನನ್ನ ಕೈ ನನ್ನ ಹತ್ತಿರವೇ ಇದೆ. ಅದು ಏನು ಮಾಡಿತು, ಏನು ಮಾಡಲಿಲ್ಲ ಎಂಬುದನ್ನು ತಮ್ಮ ಕಂಪ್ಯೂಟರಿಗೆ ಒಪ್ಪಿಸುವಷ್ಟು ವಯಸ್ಸು ನನಗಿನ್ನೂ ಆಗಿಲ್ಲ.

ಇನ್ನು ಈ ವಿಷಯದಲ್ಲಿ ತಾವು ಶ್ರಮ ತೆಗೆದುಕೊಳ್ಳುವುದು ಬೇಡ.

ಇಂತಿ,
ಹತ್ತನೇ ತರಗತಿಯ ಗಣಿತ ಶಿಕ್ಷಕಿ


ಆಗಸ್ಟ್ ೬

ಅತ್ತಿಗೆ,

ಮಾನ್ಯರೇ ಅಂದಿರಲ್ಲ, ಅದಕ್ಕಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು. ನಾನೂ ರೋಷದಲ್ಲಿ ಇಷ್ಟು ದಿನ ಬರೆಯಲಿಲ್ಲ. ಫೋನ್ ಮಾಡಿದರೆ ಅಣ್ಣ ತೆಗೆದು, “ಅವಳು ಮಲಗಿದ್ದಾಳೆ” ಅಂತಾನೆ. ಸಂಜೆ ಆರು ಗಂಟೆಗೆ ನೀವು ಮಲಗೋದು ಯಾವಾಗಿಂದ? ಕೇಳಿದರೆ, “ಗೊತ್ತಿಲ್ಲಪ್ಪ, ಸುಸ್ತಂತೆ” ಅಂತ ಪದಬಂಧದ ಸುಳಿವು ಕೇಳ್ತಾನೆ. ಅವನನ್ನು ಕಟ್ಟಿಕೊಂಡು ಇಷ್ಟು ವರ್ಷ ಹೇಗಿದ್ದೀರೋ.

ನಿಮ್ಮ ಕೈ ಏನು ಮಾಡಿತು ಅಂತ ಮತ್ತೆ ನೋಡಿದೆ. ಈ ಸಲ ಜಗಳಕ್ಕಲ್ಲ. ಒರೆಸುವ ಕೈ ಓಡಾಡುತ್ತೆ ಅತ್ತಿಗೆ, ಆ ಕಡೆಯಿಂದ ಈ ಕಡೆಗೆ. ನಿಮ್ಮದು ಓಡಾಡುವುದಿಲ್ಲ. ಎಡಗಡೆ, ಭುಜದ ಎತ್ತರ, ಪ್ರತಿಸಲ ಅದೇ ಜಾಗ. ಬೀಳುತ್ತೆ, ಅಲ್ಲೇ ನಿಲ್ಲುತ್ತೆ, ಆಮೇಲೆ ಮೆಲ್ಲಗೆ ಏಳುತ್ತೆ. ಅದು ಒರೆಸುವ ಕೈಯಲ್ಲ. ಬೀಳದಿರಲಿ ಅಂತ ಹಿಡಿದುಕೊಂಡ ಕೈ.

ಮೊದಲೇ ಯಾಕೆ ಹೊಳೆಯಲಿಲ್ಲ ಅಂದರೆ, ನೀವು ಯಾವತ್ತೂ ಯಾವುದಕ್ಕೂ ಆನಿಕೊಂಡು ನಿಂತದ್ದನ್ನು ನಾನು ನೋಡಿಯೇ ಇಲ್ಲ. ಬಸ್ಸಿನಲ್ಲೂ ಕಂಬ ಹಿಡಿಯುತ್ತಿರಲಿಲ್ಲ ನೀವು.

ಅಂಗೈಗೆ ಅಳಿಸದ ಹಾಗೆ ಬೋರ್ಡನ್ನು ಬದಲಾಯಿಸಬಹುದು. ಅದಕ್ಕೆ ದೊಡ್ಡ ಮೇಡಂ ಕಾರಣ ಬರೆದು ಸಹಿ ಹಾಕಿ ಕೊಡಬೇಕು. ಆದರೆ ಮೊದಲು ನನಗೆ ಹೇಳಿ. ನಿಮ್ಮ ಯಾಕಮ್ಮನ ಹಾಗೆ ಕೇಳುತ್ತಿದ್ದೇನೆ: ಯಾಕೆ?

ಸೊನ್ನೆ


ಆಗಸ್ಟ್ ೧೨

ಸೊನ್ನೆ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಆಮೇಲೆ ತರಗತಿಯಲ್ಲಿ ನನ್ನ ಎಡಗೈಯನ್ನೇ ಗಮನಿಸಿದೆ. ನೀನು ಹೇಳಿದ್ದು ನಿಜ. ಅದು ಅಲ್ಲಿಗೆ ಹೋಗುವುದು ನನಗೇ ಗೊತ್ತಿರಲಿಲ್ಲ. ಬೋರ್ಡಿಗೆ ಗೊತ್ತಾಗಿತ್ತು.

ಚಳಿಗಾಲದಿಂದ ನನಗೆ ತಲೆ ಸುತ್ತುತ್ತದೆ. ಕತ್ತು ಹೊರಳಿಸಿದರೆ ಸಾಕು, ಕೋಣೆ ಕಿತ್ತುಕೊಂಡು ಹೋದ ಹಾಗಾಗುತ್ತದೆ. ಒಂದೆರಡು ಉಸಿರು ಬಿಡುವಷ್ಟರಲ್ಲಿ ಮತ್ತೆ ಬಂದು ಕೂರುತ್ತದೆ. ಟ್ರೇನಿಂಗ್ ದಿನ ಮಧ್ಯಾಹ್ನ ನಾನಿದ್ದದ್ದು ಡಾಕ್ಟರ ಹತ್ತಿರ. ಕಿವಿಯೊಳಗೆ ನಮ್ಮನ್ನು ನೆಟ್ಟಗೆ ನಿಲ್ಲಿಸುವ ಏನೋ ಒಂದಿದೆಯಂತೆ, ಅದು ಕೈಕೊಟ್ಟಿದೆ. ಪ್ರಾಣಕ್ಕೇನೂ ಅಪಾಯವಿಲ್ಲ, ಪೂರ್ತಿ ಹೋಗುವುದೂ ಇಲ್ಲ, “ಏನಾದ್ರೂ ಹಿಡ್ಕೊಂಡು ತಿರುಗಿ” ಎಂದರು. ಯೋಚನೆ ಮಾಡು. ನನ್ನ ಕೆಲಸವೆಂದರೆ ಏನು? ಹಲಗೆಯಿಂದ ಮಕ್ಕಳ ಕಡೆಗೆ ತಿರುಗುವುದು, ಮಕ್ಕಳಿಂದ ಹಲಗೆಯ ಕಡೆಗೆ ತಿರುಗುವುದು. ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ.

ಹಳೇ ಹಲಗೆ ಇದ್ದಾಗ ಅದನ್ನು ಹಿಡಿದುಕೊಂಡೇ ತಿರುಗುತ್ತಿದ್ದಿರಬೇಕು. ಅದು ಯಾರಿಗೂ ಚಾಡಿ ಹೇಳಲಿಲ್ಲ. ಅಂಗೈಗೆ ಸ್ವಲ್ಪ ಸೀಮೆಸುಣ್ಣ ಮೆತ್ತಿ ಕಳಿಸುತ್ತಿತ್ತು. ಎಂಟು, ಒಂಬತ್ತರಲ್ಲಿ ಈಗಲೂ ಹಾಗೆಯೇ. ಬಣ್ಣದಮ್ಮನ ನೀಲಿ ಗೋಡೆಯ ಮೇಲಿನ ಬಿಳಿ ಕೈ ಯಾರದೆಂದು ಈಗ ನಿನಗೂ ತಿಳಿಯಿತು. ಪಾಪ, ಆ ಮೂರನೇ ಮಹಡಿಯ ಮಕ್ಕಳು.

ದೊಡ್ಡ ಮೇಡಂ ಕಾರಣ ಬರೆಯಬೇಕು ಎನ್ನುತ್ತೀಯ. ಕಾರಣ ಹೇಳಿದರೆ ಅವರೇನು ಮಾಡುತ್ತಾರೆ? “ಅಯ್ಯೋ, ನಿಮಗೆ ವಿಶ್ರಾಂತಿ ಬೇಕು” ಎಂದು ಬೆನ್ನು ತಟ್ಟಿ ಉಗ್ರಾಣಕ್ಕೇ ಕಳಿಸುತ್ತಾರೆ. ಹೇಳದಿದ್ದರೆ ಬೋರ್ಡು ಬಾರದವಳು ಎಂದು ಉಗ್ರಾಣಕ್ಕೆ. ಎರಡು ದಾರಿಯೂ ಅಲ್ಲಿಗೇ ಹೋಗುತ್ತವೆ. ಒಂದರಲ್ಲಿ ಅನುಕಂಪ, ಒಂದರಲ್ಲಿ ಅವಮಾನ. ನನಗೆ ಅವಮಾನವೇ ವಾಸಿ. ಅದರ ಜೊತೆ ಜಗಳವಾದರೂ ಆಡಬಹುದು.

ಕೈ ತೆಗೆದು ನಿಲ್ಲಲು ನೋಡಿದೆ. ನಿನ್ನೆ ಕಿಟಕಿಯ ಸರಳು ಹಿಡಿಯಬೇಕಾಯಿತು.

ನಿಮ್ಮಣ್ಣನಿಗೆ ಹೇಳಬೇಡ.

ಅತ್ತಿಗೆ


ಆಗಸ್ಟ್ ೧೮

ಅತ್ತಿಗೆ,

ನಿಮ್ಮನ್ನು ಏನು ಮಾಡಬೇಕು ಹೇಳಿ! ಚಳಿಗಾಲದಿಂದ! ನಾನು ಇಲ್ಲಿ ಬೋರ್ಡಿನ ಸಾಫ್ಟ್‌ವೇರ್ ಬಿಚ್ಚಿ ನೋಡುತ್ತಿದ್ದೇನೆ, ರಿಪೇರಿಯವನನ್ನು ಬೈಯುತ್ತಿದ್ದೇನೆ, ಅವನು ಅಲ್ಲಿ ಆನೆ ಬರೆಯುತ್ತಿದ್ದಾನೆ, ನೀವು ಅವನ ಪಕ್ಕದಲ್ಲಿ ತಲೆ ಸುತ್ತಿಕೊಂಡು ಸುಮ್ಮನೆ ನಿಂತಿದ್ದೀರಿ! ನನಗೆ ಸೊನ್ನೆ ಬಂದಾಗ ಉತ್ತರಪತ್ರಿಕೆಯನ್ನು ಹಾಸಿಗೆ ಕೆಳಗೆ ಬಚ್ಚಿಟ್ಟಿದ್ದೆ. ನೀವು ಏನಂದಿರಿ ನೆನಪಿದೆಯಾ? “ಬಚ್ಚಿಟ್ಟ ತಪ್ಪನ್ನು ತಿದ್ದೋದು ಹೇಗೆ? ತಂದು ಬಾಗಿಲ ಮೇಲೆ ಬರಿ” ಅಂದಿರಿ. ಉಪದೇಶ ಎಲ್ಲ ನಮಗೆ ಮಾತ್ರಾನಾ?

ಅಣ್ಣನಿಗೆ ಹೇಳಬೇಡ ಅಂತೀರಿ. ಅವನು ಪಕ್ಕದಲ್ಲೇ ಕೂತು ಐದಕ್ಷರದ ಪದ ಹುಡುಕುತ್ತಿದ್ದಾನೆ, ಹೆಂಡತಿ ಗೋಡೆ ಹಿಡಿದುಕೊಂಡು ನಡೆಯೋದು ಕಾಣುತ್ತಿಲ್ಲ. ಇಬ್ಬರದೂ ಸರಿಯಾದ ಜೋಡಿ.

ಬಾಸ್ ಹತ್ತಿರ ಹೋಗಿ ಅಂಗೈ ಒರೆಸುವುದನ್ನೇ ತೆಗೆದುಬಿಡೋಣ ಅಂದೆ. “ಎಲ್ಲರಿಗೂ ತುಂಬಾ ಇಷ್ಟವಾಗಿರೋದೇ ಅದು” ಅಂದ. ನನಗೆ ಸಿಕ್ಕಿರೋ ಒಂದೇ ಒಂದು ಹೊಗಳಿಕೆ, ಅದೂ ಈ ಹೊತ್ತಿಗೆ.

ಹತ್ತನೇ ಕ್ಲಾಸು ಹೋದರೆ ಹೋಗಲಿ ಅಂತ ಬರೆಯೋಕೆ ಕೈ ಬರ್ತಾ ಇಲ್ಲ. ಆದರೆ ನೀವು ಬಿದ್ದರೆ? ಗಾಜಿನ ಮೇಲೆ ಕೈ ಇಡಿ ಅತ್ತಿಗೆ. ಅಳಿಸಿದರೆ ಅಳಿಸಲಿ. ಮಕ್ಕಳು ನಕ್ಕರೆ ನಗಲಿ.

ನಿಮ್ಮ ಸೊನ್ನೆ


ಸೆಪ್ಟೆಂಬರ್ ೯

ಪ್ರೀತಿಯ ಸೊನ್ನೆ,

ತಡವಾಯಿತು. ಹೇಳಲು ತುಂಬ ಇತ್ತು, ಎಲ್ಲಿಂದ ಹಿಡಿಯಲಿ ಎಂದು ತಿಳಿಯಲಿಲ್ಲ. ಉಗ್ರಾಣದಿಂದ ಹಿಡಿಯುತ್ತೇನೆ.

ಕಂಪನಿಯವರು ಬರುವ ಮುಂಚೆಯೇ ದೊಡ್ಡ ಮೇಡಂ ಬೀಗದ ಕೈ ಕೊಟ್ಟು, “ಒಂದ್ಸಲ ನೋಡ್ಕೊಂಡು ಬನ್ನಿ, ಹೇಗೂ...” ಎಂದರು. ವಾಕ್ಯ ಮುಗಿಸಲಿಲ್ಲ. ಗೋಡೆ ಹಿಡಿದು ಇಳಿದೆ. ಒಳಗೆ ಏನಿತ್ತು ಅಂತೀಯ! ಸುತ್ತಿಟ್ಟ ಭೂಪಟಗಳು. ಸಮುದ್ರದ ಮೇಲೆ ನೆಗ್ಗಿದ ಭೂಗೋಳ. ಮಣಿ ಉದುರಿದ ಎಣಿಕೆಯ ಚೌಕಟ್ಟು. ಗೋಡೆಗೆ ಚಿತ್ರ ಬಿಡುವ ಹಳೇ ಪ್ರೊಜೆಕ್ಟರು. ಟೇಪ್ ರೆಕಾರ್ಡರು. ಇವೆಲ್ಲ ಒಂದು ದಿನ ಹೂವಿನ ಹಾರ ಹಾಕಿಸಿಕೊಂಡು ಬಂದವೇ. ಒಂದೊಂದಕ್ಕೂ ಟ್ರೇನಿಂಗ್ ನಡೆದಿತ್ತು. ಒಂದೊಂದರ ಮುಂದೆಯೂ ಯಾರೋ ಒಬ್ಬ ಮೇಷ್ಟ್ರು ಬೆವರು ಒರೆಸಿಕೊಂಡಿದ್ದಿರಬೇಕು. ನಿನ್ನ ಗಾಜಿಗೂ ಇಲ್ಲೇ ಜಾಗ ಕಾದಿದೆ ಎಂದುಕೊಂಡಾಗ ಅದರ ಮೇಲಿನ ಸಿಟ್ಟು ಯಾಕೋ ಇಳಿಯಿತು. ಪಾಪ ಅನಿಸಿತು.

ಮೂಲೆಯಲ್ಲಿ ನನ್ನ ಹಳೇ ಹಲಗೆ ಗೋಡೆಗೆ ಒರಗಿತ್ತು. ಅದೂ ಪಾಪ, ಆನಿಕೊಂಡೇ ನಿಂತಿದೆ. ಅದರ ಪಕ್ಕದಲ್ಲಿ ಹಲಗೆಯ ಮೇಲೆ ಗೆರೆ ಎಳೆಯುತ್ತಿದ್ದ ಮರದ ಉದ್ದ ಸ್ಕೇಲು. ದೂಳು ಕೊಡವಿ ಕೈಗೆ ತೆಗೆದುಕೊಂಡೆ, ಬೀಗ ಹಾಕಿದೆ, ಮೇಲೆ ಬಂದೆ. ಮೆಟ್ಟಿಲು ಮುಗಿದ ಮೇಲೆ ಗೊತ್ತಾಯಿತು, ನಾನು ಗೋಡೆ ಮುಟ್ಟಿರಲಿಲ್ಲ.

ಊರುಗೋಲು ಹಿಡಿ ಎಂದು ಡಾಕ್ಟರು ಅಂದೇ ಹೇಳಿದ್ದರು. ಅದನ್ನು ನಿನಗೂ ಬರೆದಿರಲಿಲ್ಲ. ಈ ವಯಸ್ಸಿಗೆ ಕೋಲು ಹಿಡಿದು ತರಗತಿಗೆ ಹೋಗುವುದು ನನ್ನಿಂದಾಗದು ಎಂದಿದ್ದೆ. ಆದರೆ ಲೆಕ್ಕದ ಮೇಡಂ ಕೈಯಲ್ಲಿ ಸ್ಕೇಲಿದ್ದರೆ ಯಾರೇನು ಅಂದಾರು? ದೊಡ್ಡ ಮೇಡಂ ಅಂದರು. “ಬೋರ್ಡಿನೊಳಗೇ ಸ್ಕೇಲು ಇದೆಯಲ್ಲ?” “ಅದು ಗಾಜಿನ ಒಳಗಿದೆ ಮೇಡಂ. ನನಗೆ ಹೊರಗೆ ಬೇಕು” ಎಂದೆ.

ಪಾಠ ನೋಡಲು ಟೈ ಕಟ್ಟಿದವನೊಬ್ಬ ಬಂದು ಕೊನೆಯ ಬೆಂಚಿನಲ್ಲಿ ಕೂತ. ಪಕ್ಕದಲ್ಲಿ ದೊಡ್ಡ ಮೇಡಂ. ಬಲಗೈಯಲ್ಲಿ ನಿಮ್ಮ ಪೆನ್ನು, ಎಡಗೈಯಲ್ಲಿ ನನ್ನ ಸ್ಕೇಲು. ಅದನ್ನು ನೆಲಕ್ಕೆ ಊರಿ ತಿರುಗಿದೆ. ಕೋಣೆ ಸ್ವಲ್ಪ ತೂಗಾಡಿ ನಿಂತಿತು. ಬರೆದದ್ದೆಲ್ಲ ಇದ್ದಲ್ಲೇ ಇತ್ತು. ಪಂದ್ಯ ಕಟ್ಟಿದವರ ಮುಖ ನೋಡಬೇಕಿತ್ತು ನೀನು! ಪಾಠ ಮುಗಿಯುತ್ತಾ ಬಂದಿತ್ತು, ಯಾಕಮ್ಮ ಎದ್ದಳು.

“ಯಾಕೆ ಮಿಸ್ ಇವತ್ತು ಅಳಿಸಿ ಹೋಗ್ಲಿಲ್ಲ?”

ಎಷ್ಟು ದಿನದ ಮೇಲೆ ಅವಳ ಬಾಯಲ್ಲಿ ಆ ಪದ! ಸುಳ್ಳು ಹೇಳಬಹುದಿತ್ತು. ರಿಪೇರಿ ಆಯ್ತು ಎಂದರೆ ಟೈನವನಿಗೂ ಖುಷಿಯಾಗುತ್ತಿತ್ತು. ಆದರೆ ಜೂನಿನಲ್ಲಿ ಅವಳನ್ನು ಒಮ್ಮೆ ಕೂರಿಸಿದ್ದೆ. ಮತ್ತೆ ಕೂರಿಸಲು ಮನಸ್ಸಾಗಲಿಲ್ಲ.

“ಇಷ್ಟು ದಿನ ಬೋರ್ಡು ಹಿಡ್ಕೊಂಡು ನಿಲ್ತಿದ್ದೆ. ಇವತ್ತು ಸ್ಕೇಲು ಹಿಡ್ಕೊಂಡಿದ್ದೀನಿ.”

“ಯಾಕೆ ಮಿಸ್?”

“ನಂಗೆ ತಲೆ ಸುತ್ತುತ್ತೆ. ಹಿಡ್ಕೊಳ್ಳದಿದ್ರೆ ಬೀಳ್ತೀನಿ.”

 ಕೊನೆಯ ಬೆಂಚಿನ ಕಡೆ ನಾನು ನೋಡಲಿಲ್ಲ. ಯಾಕಮ್ಮ, “ಓ, ಅದಕ್ಕಾ” ಎಂದು ಕೂತು, “ಮಿಸ್, ನಾಲ್ಕನೇ ಹೆಜ್ಜೆಯಲ್ಲಿ ಋಣ ಚಿಹ್ನೆ ಯಾಕೆ ಬಂತು?” ಎಂದು ಕೇಳಿದಳು. ಅವಳಿಗೆ ಅಷ್ಟೇ ಅದು. ಒಂದು ಯಾಕೆ ಮುಗಿಯಿತು, ಇನ್ನೊಂದು ಶುರುವಾಯಿತು.

ವರದಿ ಬಂದಿದೆ. ‘ಶಿಕ್ಷಕಿ ಹಳೆಯ ಉಪಕರಣವನ್ನು ಅನಗತ್ಯವಾಗಿ ಹಿಡಿದಿರುತ್ತಾರೆ. ಉಳಿದಂತೆ ತೃಪ್ತಿಕರ.’ ದೊಡ್ಡ ಮೇಡಂ ಅದನ್ನು ನನ್ನ ಮುಂದೆ ಹಿಡಿದು ಕಾಲಂಗಳ ಮೇಲೆ ಬೆರಳಾಡಿಸಿದರು. “ತಲೆ ಸುತ್ತಿಗೆ ಇದರಲ್ಲಿ ಕಾಲಂ ಇಲ್ಲ” ಎಂದರು. “ಇದ್ದಿದ್ರೆ ಯೋಚ್ನೆ ಮಾಡ್ಬೇಕಾಗ್ತಿತ್ತು. 'ತೃಪ್ತಿಕರ' ಅಂತ ಬರೆದಿದ್ದಾರೆ, ನಾನೇನು ಮಾಡ್ಲಿ? ಈ ವರ್ಷ ಹತ್ತನೇ ಕ್ಲಾಸು ನಿಮ್ದೇ.” ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಅಂದರು: “ನಂಗೆ ಮೊದಲೇ ಹೇಳ್ಬಾರ್ದಿತ್ತಾ?” ನೀನು ಕೇಳಿದ ಧ್ವನಿಯಲ್ಲೇ. ನಿಮಗೆಲ್ಲ ಆ ಧ್ವನಿಯನ್ನು ಯಾರು ಕಲಿಸುತ್ತಾರೋ.

ಸ್ಕೇಲು ಈಗ ಮನೆಗೂ ಬರುತ್ತದೆ. ನಿಮ್ಮಣ್ಣ ಮೊನ್ನೆ ಅದನ್ನು ನೋಡಿ, “ಏನಳೀತಾ ಇದ್ದೀಯ?” ಎಂದರು. “ದೂರ” ಎಂದೆ. “ಎರಡಕ್ಷರ, ಸಾಲದು” ಎಂದು ಮತ್ತೆ ಪೇಪರಿಗೆ ತಲೆ ಹಾಕಿದರು. ಇಂಥವರಿಗೆ ಹೇಳುವುದು ಹೇಗೆ, ಹೇಳು? ಆದರೂ ಇವತ್ತು ಹೇಳಿಯೇಬಿಡುತ್ತೇನೆ ಎಂದು ಬರೆಯುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಎದ್ದು ಹೋಗಿ ಬಂದು ಈ ಕೊನೆಯ ಸಾಲುಗಳನ್ನು ಬರೆಯುತ್ತಿದ್ದೇನೆ.

ಬಣ್ಣದಮ್ಮ. ಕೈಯಲ್ಲಿ ಅದೇ ಗೋಡೆ ಒರೆಸುವ ಬಟ್ಟೆ, ಒಣಗಿತ್ತು. ಬೈಯಲು ಬಂದಿದ್ದಾಳೆಂದು ನಾನು ಮೂರನೇ ಮಹಡಿಯ ಮಕ್ಕಳ ವಿಷಯ ತೆಗೆಯುವುದರಲ್ಲಿದ್ದೆ. ಅವಳು ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, ದನಿ ತಗ್ಗಿಸಿ ಅಂದಳು:

“ಗೋಡೆ ಮೇಲೆ ಈಚೆಗೆ ನಿಮ್ಮ ಕೈ ಕಾಣ್ತಾನೇ ಇಲ್ವಲ್ಲ ಮೇಡಂ, ಹುಷಾರಾಗಿದ್ದೀರಿ ತಾನೆ?”